ಲಕೋಟೆ ಬಿಟ್ಟುಹೋದ ಕಳ್ಳ

1982ರ ಫೆಬ್ರವರಿ 9, ಮಂಗಳವಾರ ಬೆಳಿಗ್ಗೆ ನಿವೃತ್ತ ಮೇಷ್ಟ್ರು ಪರಮಶಿವಯ್ಯ ತಿಪಟೂರು ಠಾಣೆಗೆ ಬಂದರು. ಎಸ್ಪೆರಾಂಟೊ ಎಂಬ, ಯಾವ ದೇಶಕ್ಕೂ ಸೇರದ ಭಾಷೆಯನ್ನು ಮೊದಮೊದಲು ಕಲಿತವರು ದೇಶದೇಶಗಳ ನಡುವೆ ಬರೆದುಕೊಂಡ ಕಾಗದಗಳ ಪ್ರದರ್ಶನವನ್ನು ಅವರು ಊರಿನ ಪುಟ್ಟ ವಸ್ತು ಸಂಗ್ರಹಾಲಯದಲ್ಲಿ ಏರ್ಪಡಿಸಿದ್ದರು. ಅಲ್ಲಿಂದ ಹಂಗೇರಿಯ ಇಲೋನಾ ಎಂಬಾಕೆಯ ಕಾಗದಗಳು ಕಳುವಾಗಿದ್ದವು. ಕೊಬ್ಬರಿ ಮೂಟೆಯ ಕಳ್ಳರಿಗೆ ಒಗ್ಗಿದ್ದ ಠಾಣೆಗೆ ಇದು ಹೊಸ ತಲೆನೋವು. ಇನ್ಸ್‌ಪೆಕ್ಟರ್ ತೋಂಟದಾರ್ಯ ಎಫ್‌ಐಆರ್ ಬರೆಸಿ, ಪಂಚರೊಂದಿಗೆ ಸ್ಥಳಕ್ಕೆ ಹೋದರು.

ಗಾಜಿನ ಪೆಟ್ಟಿಗೆ ಒಡೆದಿರಲಿಲ್ಲ; ಅದಕ್ಕೆ ಬೀಗವೂ ಇರಲಿಲ್ಲ. ವಿದೇಶಿ ಸ್ಟಾಂಪಿದ್ದ ಲಕೋಟೆಗಳು ಹಾಗೇ ಇದ್ದವು.

"ಸ್ಟಾಂಪಿನ ಆಸೆಗೆ ಬಂದೋನು ಲಕೋಟೆ ಬಿಡ್ತಾನಾ? ಇದು ಓದೋರ ಕೆಲಸ. ಈ ಭಾಷೆ ಇಲ್ಲಿ ಯಾರಿಗೆ ಬರುತ್ತೆ?" ಇನ್ಸ್‌ಪೆಕ್ಟರ್ ಕೇಳಿದರು.

"ನಂಗೊಬ್ಬನಿಗೇ ಕಣ್ರೀ."

ಇನ್ಸ್‌ಪೆಕ್ಟರ್ ಲಕೋಟೆಯ ಮೇಲಿನ ಹೆಸರು ಓದಿದರು. "ದ್ರಾಕ್ಷಾಯಣಿ ಯಾರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನನ್ನ ತಂಗಿ. ಮದುವೆಗೆ ಮುಂಚೆ ಅವಳಿಗೂ ಕಲಿಸಿದ್ದೆ. ಆಮೇಲೂ ಕಾಗದ ನಮ್ಮನೆಗೇ ಬತ್ತಿದ್ವು. ಸಂಸಾರ ಮಾಡೋಳಿಗೆ ಇದೆಲ್ಲ ಯಾಕೆ ಅಂತ ನಾನೇ ಇಟ್ಕೊಂಡೆ."

"ಪ್ರದರ್ಶನ ನೋಡಿದಾರಾ?"

"ನಿನ್ನೆ ಬಂದಿದ್ಲು."

ಮಧ್ಯಾಹ್ನ ಶೆಟ್ಟಿಕೆರೆಯ ಮನೆಯಲ್ಲಿ ದ್ರಾಕ್ಷಾಯಣಮ್ಮನ ಗಂಡ ಶಂಭುಲಿಂಗಯ್ಯನವರು ಬಾಗಿಲಿಗೇ ಅಡ್ಡ ನಿಂತರು. "ನಮ್ಮನೆ ಹೆಂಗಸರಿಗೆ ಕಾಗದ ಪತ್ರದ ಗೀಳಿಲ್ಲ. ನಿನ್ನೆ ಕಳ್ಸಿದ್ದೇ ಹೆಚ್ಚು."

ಒಳಗೆ ಅಟ್ಟಕ್ಕೆ ಏಣಿ ಒರಗಿತ್ತು. ತೋಂಟದಾರ್ಯರೂ ಮಾಯಸಂದ್ರದ ಅಂಥದೇ ಅಟ್ಟದ ಕೆಳಗೆ ಬೆಳೆದವರು. ಅಟ್ಟಕ್ಕೆ ಹಾಕಿದ ಕಾಯಿ ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಲ್ಲಿಯವರೆಗೆ ಏಣಿಯನ್ನು ಕೊಟ್ಟಿಗೆಯಲ್ಲಿ ಮಲಗಿಸುವುದು ಈ ಕಡೆಯ ರೂಢಿ.

"ಕಾಯಿ ಯಾವಾಗ ಹಾಕಿದ್ದು?"

"ದೀಪಾವಳಿಗೆ."

"ಮತ್ತೆ ಏಣಿ ಯಾಕೆ ಇಲ್ಲಿದೆ?"

ಶಂಭುಲಿಂಗಯ್ಯ ಹೆಂಡತಿಯ ಕಡೆ ತಿರುಗಿದರು. ಅರವತ್ತು ದಾಟಿದ ದ್ರಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡರು.

"ಇನ್ನೂ ಓದಿ ಮುಗ್ದಿರ್ಲಿಲ್ಲ," ಎಂದರು.

ಕಾನ್‌ಸ್ಟೇಬಲ್ ಮೂಡಲಗಿರಿಯಪ್ಪ ಅಟ್ಟ ಹತ್ತಿ, ಕಾಯಿಗಳ ಸಂದಿಯಿಂದ ಕಾಗದಗಳನ್ನು ತಂದ. ಜಪ್ತಿ ಪಂಚನಾಮೆಯಾಯಿತು. ಸಂಜೆ ನಾಲ್ಕಕ್ಕೆ ದಸ್ತಗಿರಿ.

ಠಾಣೆಯಲ್ಲಿ ಪರಮಶಿವಯ್ಯ ಕೈಮುಗಿದು ನಿಂತಿದ್ದರು. "ದೂರು ವಾಪಸ್ ತಗೋತೀನಿ."

"ಎಫ್‌ಐಆರ್ ಆಗಿದೆ ಮೇಷ್ಟ್ರೇ. ಇನ್ನೇನಿದ್ರೂ ಕೋರ್ಟಲ್ಲಿ ಕೇಳ್ಕೊಳ್ಳಿ."

ಹಾಗೆಂದ ಇನ್ಸ್‌ಪೆಕ್ಟರಿಗೆ ತಮ್ಮ ಮಾತಿನ ಮೇಲೇ ಬೇಸರವಾಯಿತು. ಹೇಳಿಕೆ ಬರೆದುಕೊಳ್ಳಲು ಕುಳಿತರು.

"ಲಕೋಟೆ ಯಾಕೆ ಬಿಟ್ರಮ್ಮ?"

"ಅವು ಅಣ್ಣನ ಮನೆ ವಿಳಾಸಕ್ಕೆ ಬಂದಿದ್ವು, ಅವನೇ ಇಟ್ಕೊಳ್ಳಿ. ಒಳಗಿರೋದು ನಂದು ಸ್ವಾಮಿ. ಇಷ್ಟು ವರ್ಷ ಇಲೋನಾನೇ ನನ್ನ ಮರ್ತುಬುಟ್ಲು ಅನ್ಕೊಂಡಿದ್ದೆ. ಅವ್ಳು ಬರೀತಾನೇ ಅವ್ಳೆ. ಬದುಕಿದೀಯಾ, ಒಂದು ಸಾಲು ಬರಿ ಅಂತ."

ಪರಮಶಿವಯ್ಯ ಗೋಡೆಯ ಕಡೆ ಮುಖ ಮಾಡಿದರು. ಮೂಡಲಗಿರಿಯಪ್ಪ ಕಾಗದಗಳನ್ನೂ ಸಂಗ್ರಹಾಲಯದಿಂದ ತಂದಿದ್ದ ಲಕೋಟೆಗಳನ್ನೂ ಒಟ್ಟುಮಾಡಿ ಸೀಲಿಗೆ ಅರಗು ಕಾಯಿಸತೊಡಗಿದ.

"ಸ್ವಲ್ಪ ತಡೀರಿ," ದ್ರಾಕ್ಷಾಯಣಮ್ಮ ಕೈ ಚಾಚಿದರು. "ಲಕೋಟೆ ಹಿಂದೆ ಅವಳ ವಿಳಾಸ ಐತೆ. ಬರ್ಕೊಂಡುಬುಡ್ತೀನಿ."

ಇನ್ಸ್‌ಪೆಕ್ಟರ್ ತಮ್ಮ ಪೆನ್ನನ್ನೇ ಕೊಟ್ಟರು. ಆಕೆ ನಿಧಾನವಾಗಿ, ಒಂದೊಂದೇ ಅಕ್ಷರ ನೋಡಿ ಬರೆದುಕೊಂಡು, ಚೀಟಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದರು.

"ಜೈಲಿಂದ ಕಾಗದ ಹಾಕ್ಬೋದಾ ಸ್ವಾಮಿ?"

"ಹಾಕಬಹುದಮ್ಮ."

"ಹಂಗಾದ್ರೆ ನಡೀರಿ. ಮನೆಯಿಂದ ಆಗ್ತಿರ್ಲಿಲ್ಲ."