ನೆರಳು ಬಿದ್ದರೆ ಬರುವವನು

"ಆ ಬೆಡ್‌ಶೀಟ್ ಮೊದಲು ತೆಗೀರಿ!"

ಟೆರೇಸಿನ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತವನನ್ನು ಅವಳು ದುರುಗುಟ್ಟಿ ನೋಡಿದಳು. ಅಪ್ಪನ ಲಾಂಡ್ರಿ, ಅವಳು ಕಟ್ಟಿದ ಹಗ್ಗ, ಅವಳೇ ಒಗೆದ ಬೆಡ್‌ಶೀಟ್... ತೆಗಿ ಅನ್ನೋಕೆ ಇವನ್ಯಾರು?

ಸೋಲಾರ್ ಕಂಪನಿಯವನಂತೆ. ಹೋದ ತಿಂಗಳು ಮಹಡಿ ಮೇಲೆ ಕೂರಿಸಿದ ಪ್ಯಾನಲ್‌ಗಳನ್ನು ಇನ್ನು ಮುಂದೆ ನೋಡಿಕೊಳ್ಳುವವನು, ಜಾಗ ನೋಡಲು ಮೊದಲ ಸಲ ಬಂದಿದ್ದಾನೆ. ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲೇ ಸುಸ್ತಾಗುತ್ತಂತೆ, ಕರೆಂಟ್ ಇಳಿದದ್ದು ಇವನ ಫೋನಿನಲ್ಲಿ ಕಾಣುತ್ತಂತೆ.

"ಇದು ನಾವು ಬಟ್ಟೆ ಒಣಗಿಸೋ ಜಾಗ ಕಣ್ರೀ. ನಿಮ್ಮ ಪ್ಯಾನಲ್ ಬಂದು ನುಂಗಿ ಹಾಕ್ತು," ಎಂದು ರೇಗಿದಳು.

ಅವನು ತಾನೇ ಬೆಡ್‌ಶೀಟ್ ಇಳಿಸಿ, ಎರಡು ತುದಿ ಅವಳ ಕೈಗೆ ಕೊಟ್ಟು, ಇನ್ನೆರಡು ತಾನು ಹಿಡಿದ. ಮಡಚುತ್ತಾ ಮಡಚುತ್ತಾ ಇಬ್ಬರೂ ಹತ್ತಿರ ಬಂದರು. ಬೆರಳಿಗೆ ಬೆರಳು ತಾಗಿತು. ಅಷ್ಟೇ ನೋಡಿ... ಅವಳ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

ಅಪ್ಪನಿಗಂತೂ ಪ್ಯಾನಲ್ ಬಂದ ಮೇಲೆ ನೆಲದ ಮೇಲೆ ಕಾಲಿಲ್ಲ. ಹಗಲೆಲ್ಲ ವಾಷಿಂಗ್ ಮಷೀನು, ಇಸ್ತ್ರಿ ಎಲ್ಲಾ ಬಿಸಿಲಿನ ಕರೆಂಟಿನಲ್ಲೇ ಓಡುತ್ತಿದ್ದವು. ಬಿಲ್ ಇಳಿದ ಸುದ್ದಿಯನ್ನು ಬಂದ ಗಿರಾಕಿಗಳಿಗೆಲ್ಲ ಡಂಗುರ ಸಾರುತ್ತಿದ್ದರು. ಹಿತ್ತಲಿನ ಡೀಸೆಲ್ ಜನರೇಟರ್ ಮೂಲೆ ಸೇರಿತ್ತು. ಅದರ ಹೊಗೆಗೆ ಕೆಮ್ಮಿ ಕೆಮ್ಮಿ ಇಸ್ತ್ರಿ ಮಾಡುತ್ತಿದ್ದ ಅವಳೂ ಈಗ ಹಾಯಾಗಿ ಉಸಿರಾಡುತ್ತಿದ್ದಳು.

ಪ್ಯಾನಲ್ ಮೇಲೆ ಅವಳಿಗೇನೂ ಕೋಪವಿರಲಿಲ್ಲ. ಆದರೂ ಮುಂದಿನ ವಾರ ಅವಳ ಕೈ ತಾನಾಗಿ ಬೆಡ್‌ಶೀಟನ್ನು ಅದೇ ಜಾಗದಲ್ಲಿ ಹರವಿತು.

ಅವನು ಬಂದ. ಅದರ ಮುಂದಿನ ವಾರವೂ ಬಂದ.

ಒಂದು ದಿನ ಊಟ ಆಯ್ತಾ ಅಂತ ಕೇಳುತ್ತಿದ್ದ. ಇನ್ನೊಂದು ದಿನ ಮುಖ ಗಂಟು ಹಾಕಿಕೊಂಡು, ಇಲ್ಲಿ ಹಾಕಬೇಡಿ ಅಂತ ಹೇಳಿರಲಿಲ್ವಾ ಎಂದು ಗೊಣಗುತ್ತಿದ್ದ. ಬರಬರುತ್ತಾ ಮಾತೇ ನಿಂತಿತು. 'ಇವನು ನನಗೋಸ್ಕರ ಬರ್ತಾನಾ, ಪ್ಯಾನಲ್‌ಗೋಸ್ಕರ ಬರ್ತಾನಾ?' ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೇಳೋಣ ಅಂದರೆ ನಾಲಿಗೆ ಏಳುತ್ತಿರಲಿಲ್ಲ.

ಒಂದು ವಾರ ಬೆಡ್‌ಶೀಟ್ ಹರವಿ ಸಂಜೆವರೆಗೂ ಕಾದಳು. ಅವನು ಬರಲಿಲ್ಲ.

ಮರುದಿನ ಅಳತೆಯ ಟೇಪು ಹಿಡಿದು ಒಬ್ಬ ವಯಸ್ಸಾದ ಫಿಟ್ಟರ್ ಬಂದರು. ಲಾಂಡ್ರಿಯವರ ಮಗಳಿಗೆ ಪ್ಯಾನಲ್ ಇಷ್ಟವಿಲ್ಲ, ಬಟ್ಟೆ ಹಾಕೋ ಜಾಗ ಬಿಟ್ಟು ಎಲ್ಲಾ ಆಚೆ ಸರಿಸಿಕೊಡಿ ಅಂತ ಆ ಹುಡುಗ ಹೇಳಿದ್ದಾನಮ್ಮ, ಎಂದರು. ಅವನು? ದೂರದಲ್ಲಿ ಕರೆಂಟ್ ತೆಗೆಯೋ ಗಾಳಿಯಂತ್ರಗಳ ಕೆಲಸ ಕೇಳಿಕೊಂಡಿದ್ದಾನೆ, ಇವತ್ತೇ ಹೊರಡ್ತಾನೆ, ಬರೋದು ಇನ್ಯಾವಾಗಲೋ.

ಅವಳು ಬಕೆಟ್ಟು ಅಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಕಂಪನಿಯ ಗೋದಾಮಿಗೆ ಓಡಿದಳು.

ಅವನು ವೈರಿನ ಸುರುಳಿಗಳನ್ನು ವ್ಯಾನಿಗೆ ತುಂಬುತ್ತಿದ್ದ. ಅವಳನ್ನು ಕಂಡವನೇ ಮುಖ ತಿರುಗಿಸಿದ.

"ನಿಮ್ಮ ಜಾಗ ನಿಮಗೆ ವಾಪಸ್ ಸಿಗುತ್ತೆ ಬಿಡಿ. ಅಷ್ಟು ಸಲ ಹೇಳಿದ್ರೂ ಬೇಕಂತಲೇ ಅಲ್ಲೇ ಹಾಕ್ತಿದ್ರಿ. ಪ್ಯಾನಲ್ ಕಂಡ್ರೂ ಆಗಲ್ಲ, ನನ್ನ ಕಂಡ್ರೂ ಆಗಲ್ಲ ಅಂತ ಅರ್ಥ ಆಯ್ತು."

ಅಯ್ಯೋ ದೇವರೇ... ಅವಳು ಬೆಡ್‌ಶೀಟ್ ಹರವಿ ಕರೆದರೆ, ತನ್ನನ್ನು ಹೊರಗೆ ಹಾಕ್ತಿದ್ದಾಳೆ ಅಂತ ಇವನು ಅಂದುಕೊಂಡಿದ್ದ! ಈಗ ಬಾಯಿ ಬಿಡದಿದ್ದರೆ ವ್ಯಾನು ಹೊರಟೇ ಹೋಗುತ್ತದೆ.

"ಬೇಕಂತಲೇ ಹಾಕ್ತಿದ್ದೆ, ನಿಜ," ಅಂದಳು. "ನೆರಳು ಬಿದ್ರೆ ನೀವು ಬರ್ತೀರಲ್ಲ... ಅದಕ್ಕೆ."

ಅವನ ಕೈಯಲ್ಲಿದ್ದ ಸುರುಳಿ ಕೆಳಗೆ ಬಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ತಲೆ ಕೆರೆದುಕೊಂಡ.

"ನೆರಳು ಬಿತ್ತು ಅಂತ ನಾವು ಯಾರ ಮನೆಗೂ ಹೋಗಲ್ಲ ಕಣ್ರೀ. ಫೋನ್ ಮಾಡಿ, ಬಟ್ಟೆ ತೆಗೀರಿ ಅಂತೀವಿ. ಅಷ್ಟೇ."

"ಮತ್ತೆ ನಮ್ಮ ಮನೆಗೆ?"

"ಫೋನ್ ಮಾಡಿದ್ರೆ ನಿಮ್ಮಪ್ಪ ಎತ್ತುತ್ತಿದ್ರು, ನೀವಲ್ಲ."

ಅವಳ ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು. ಇಷ್ಟು ದಿನ ನಿದ್ದೆಗೆಡಿಸಿದ ಗೊಂದಲ ಇಷ್ಟೇನಾ?

ಅವನು ವ್ಯಾನಿನಿಂದ ತನ್ನ ಬ್ಯಾಗನ್ನು ಇಳಿಸಿಕೊಂಡ. ಗಾಳಿಯಂತ್ರಕ್ಕೆ ಬೇರೆ ಯಾರನ್ನಾದರೂ ಕಳಿಸಿ ಎಂದು ಒಳಗಿದ್ದ ಮೇಸ್ತ್ರಿಗೆ ಕೂಗಿ ಹೇಳಿದ.

ಅವಳು ಕಣ್ಣೊರೆಸಿಕೊಂಡಳು. "ಅಪ್ಪನ ಹತ್ರ ನೀವೇ ಬಂದು ಮಾತಾಡಬೇಕು."

"ಪ್ಯಾನಲ್ ಬಗ್ಗೆನಾ?"

"ನನ್ನ ಬಗ್ಗೆ," ಅಂದಳು.