ಎಡಗಡೆ ಸವೆದ ಟೈರು

ಅವಳು ಬೈಕಿನ ಹಿಂದೆ ಅಡ್ಡ ಕೂತು ಬಂದಳು. ಎರಡೂ ಕಾಲು ಎಡಗಡೆಗೆ, ಒಂದು ಕೈ ಅವನ ಭುಜದ ಮೇಲೆ, ಕುತ್ತಿಗೆಗೆ ಕೆಂಪು ಸ್ಕಾರ್ಫು. ಬೈಕು ನನ್ನ ಅಂಗಡಿಯ ಮುಂದೆ ನಿಂತಿತು.

"ನಿಧಾನ, ನಿಧಾನ" ಎಂದ ಅವನು. ಆಮೇಲೆ ಸ್ಟ್ಯಾಂಡ್ ಹಾಕಿ, ಅವಳಿಗೆ ತೋಳು ಕೊಟ್ಟ. ಅವಳು ಆ ತೋಳು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಡುತ್ತಾ, ಪೇಪರು ಓದುತ್ತಿದ್ದ ನನ್ನ ಅಪ್ಪನ ಪಕ್ಕದ ಸ್ಟೂಲಿನವರೆಗೆ ನಡೆದಳು. ನಾಲ್ಕು ಹೆಜ್ಜೆಯ ದಾರಿಗೆ ಅಷ್ಟು ಹೊತ್ತು ಯಾಕೆ ಬೇಕು ಎಂಬುದಕ್ಕೆ ನನಗೆ ಒಂದೇ ಒಂದು ಕಾರಣ ಹೊಳೆಯಿತು. ಅದು ನನಗೆ ಹಿಡಿಸಲಿಲ್ಲ.

ನಾನು ಹೊಟ್ಟೆಕಿಚ್ಚಿನವಳಲ್ಲ. ಟೈರ್ ಅಂಗಡಿ ನಡೆಸುವವಳು. ದಿನಕ್ಕೆ ಹತ್ತು ಬೈಕು ಬರುತ್ತವೆ, ಹತ್ತರ ಹಿಂದೆಯೂ ಯಾರಾದರೂ ಕೂತಿರುತ್ತಾರೆ. ನನಗೇನು? ಹಾಗಂತ ಹೇಳಿಕೊಳ್ಳುತ್ತಾ ಕೈಯಲ್ಲಿದ್ದ ಸ್ಪ್ಯಾನರನ್ನು ಡಬ್ಬಿಗೆ ಹಾಕಿದೆ. ಇಟ್ಟೆ ಎಂದುಕೊಂಡಿದ್ದೆ, ಎಸೆದೆ ಎಂದು ಸದ್ದಿನಿಂದ ಗೊತ್ತಾಯಿತು.

ಅಪ್ಪ ಪೇಪರಿನ ಮೇಲಿನಿಂದ ಒಂದು ಸಲ ನೋಡಿ ಮತ್ತೆ ಪೇಪರಿನೊಳಗೆ ಹೋದರು.

"ಗೇಜ್ ಮೇಡಂ, ಇವತ್ತು ಗಾಳಿ ಬೇಡ" ಎಂದ ಅವನು. "ಟೈರ್ ನೋಡಿ. ಮೂರೇ ತಿಂಗಳು, ಎಡಗಡೆ ಪೂರ್ತಿ ಸವೆದುಹೋಗಿದೆ. ಬಲಗಡೆ ಹೊಸದರ ಹಾಗೇ ಇದೆ."

ಗೇಜ್ ಮೇಡಂ ಎಂಬ ಹೆಸರಿಗೂ ಮೂರೇ ತಿಂಗಳು. ಅವನ ಕೆಲಸ ಅಳತೆಯ ಸಾಮಾನುಗಳನ್ನು ರಿಪೇರಿ ಮಾಡುವುದು. ತಕ್ಕಡಿ, ಮೀಟರು, ಗೇಜು, ಸುಳ್ಳು ಹೇಳುವ ಯಾವುದನ್ನಾದರೂ ನಿಜಕ್ಕೆ ತರುತ್ತಾನೆ. ಪಕ್ಕದ ಹಾರ್ಡ್‌ವೇರ್ ಅಂಗಡಿಯ ದೊಡ್ಡ ತಕ್ಕಡಿ ಸರಿಮಾಡಲು ಬಂದವನು ಹಿಂದಿನ ಟೈರು ಬೋಳಾಗಿದೆ ಎಂದು ನನ್ನಲ್ಲಿಗೆ ಬಂದ. ನಾನು ಹೊಸ ಟೈರು ಹಾಕುತ್ತಿದ್ದಾಗ ಸುಮ್ಮನಿರಲಾರದೆ ನನ್ನ ಗಾಳಿಯ ಗೇಜನ್ನು ಎತ್ತಿಕೊಂಡು, ತನ್ನ ಚೀಲದ ಗೇಜಿನ ಪಕ್ಕ ಹಿಡಿದು, "ನಿಮ್ಮದು ಎರಡು ಪೌಂಡ್ ಜಾಸ್ತಿ ತೋರಿಸ್ತಿದೆ" ಎಂದು ನಕ್ಕ.

ನನಗೆ ಮೈಯೆಲ್ಲಾ ಉರಿಯಿತು. ಆದರೆ ಆ ನಗು ಚೆನ್ನಾಗಿತ್ತು. ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಎರಡೂ ಕಡೆ ಸಮ ತೂಗುವವನ ಮುಖವೇ ಸಮ ಇಲ್ಲವಲ್ಲ ಎಂದು ನಾನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ.

ಅವತ್ತಿನಿಂದ ಪ್ರತಿ ಶನಿವಾರ ಗಾಳಿ ನೋಡಿಸಲು ಬರುತ್ತಾನೆ. ಎದುರಿಗೆ ನಾನು ನೀವು, ತಾವು ಎನ್ನುತ್ತೇನೆ. ಮನಸ್ಸಿನೊಳಗೆ ಅವನು ಎಂದೋ ಅವನಾಗಿಬಿಟ್ಟಿದ್ದಾನೆ.

ಮತ್ತೆ ಈ ಸ್ಕಾರ್ಫು! "ಏಯ್, ನೀರಿನ ಬಾಟ್ಲಿ ನಿನ್ನ ಹತ್ರಾನೇ ಇದೆ, ಕೊಡೋ ಇಲ್ಲಿ" ಎಂದಳು. ಕೊಡೋ ಅಂತೆ. ನಾನು ಹನ್ನೆರಡು ಶನಿವಾರ ಕಳೆದರೂ 'ಕೊಡಿ' ದಾಟಿರಲಿಲ್ಲ.

ಟೈರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ.

ಟೈರು ಓದುವುದನ್ನು ಅಪ್ಪ ನನಗೆ ಅಕ್ಷರಕ್ಕೂ ಮೊದಲು ಕಲಿಸಿದ್ದರು. ನಡುವೆ ಸವೆದರೆ ಗಾಳಿ ಹೆಚ್ಚು. ಎರಡು ಅಂಚು ಸವೆದರೆ ಗಾಳಿ ಕಡಿಮೆ. ಅಲ್ಲಲ್ಲಿ ಗುಳಿ ಬಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ಒಂದೇ ಬದಿ ಸವೆದರೆ ಒಂದೋ ಭಾರ ಒಂದೇ ಕಡೆ ಬೀಳುತ್ತಿದೆ, ಇಲ್ಲವೇ ಚಕ್ರವೇ ಸೊಟ್ಟ ಕೂತಿದೆ. ಯಾವುದು ಎಂದು ಅಂಗೈ ಹೇಳುತ್ತದೆ. ಭಾರಕ್ಕೆ ಸವೆದದ್ದು ಎರಡೂ ದಿಕ್ಕಿಗೆ ನಯ. ಸೊಟ್ಟ ಓಡಿದ್ದು ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು.

ಅಂಗೈ ಆಡಿಸಿದೆ. ಈ ಕಡೆಯಿಂದ ನಯವಾಗಿತ್ತು. ಆ ಕಡೆಯಿಂದ ಚರ್ಮ ತರಚಿತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಕೈ ಹೇಳಿದ್ದನ್ನು ನಾನು ಕೇಳಲಿಲ್ಲ. ನನ್ನ ಕಣ್ಣು ಆಗಲೇ ಹಿಂಬದಿ ಸೀಟಿನ ಎಡಗಡೆಯ ಫುಟ್‌ರೆಸ್ಟ್ ಮೇಲಿತ್ತು. ಬಲಗಡೆಯದರ ಮೇಲೆ ಧೂಳು ಕೂತಿತ್ತು. ಎಡಗಡೆಯದು ಯಾರೋ ದಿನಾ ಕಾಲಿಟ್ಟು ಒರೆಸಿದ ಹಾಗೆ ಹೊಳೆಯುತ್ತಿತ್ತು. ದಿನಾ ಬರುತ್ತಾಳೆ. ದಿನಾ ಹೀಗೇ, ಭುಜ ಹಿಡಿದುಕೊಂಡು ಕೂರುತ್ತಾಳೆ.

"ಹಿಂದೆ ಅಡ್ಡ ಕೂರೋರು ಯಾವಾಗಿಂದ?" ಎಂದೆ, ಡಾಕ್ಟರು ಕೇಳುವ ದನಿಯಲ್ಲಿ.

"ಎರಡು ವಾರದಿಂದ."

"ಹಾಂ. ಅದೇ ಮತ್ತೆ. ಭಾರ ಎಲ್ಲಾ ಎಡಕ್ಕೆ ಬೀಳ್ತಿದೆ. ಟೈರ್ ಸವೆಯದೆ ಇನ್ನೇನಾಗುತ್ತೆ?"

ಅವನ ಹುಬ್ಬು ಗಂಟಾಯಿತು. "ಎರಡೇ ವಾರಕ್ಕೆ ಇಷ್ಟೊಂದಾ? ದಿನಕ್ಕೆ ಮೂರು ಕಿಲೋಮೀಟರ್ ಕೂಡ ಆಗಲ್ಲ."

"ತಕ್ಕಡಿ ನಿಮಗೆ ಗೊತ್ತು, ಟೈರ್ ನನಗೆ ಗೊತ್ತು."

ಅವನು ನನ್ನನ್ನೇ ನೋಡಿದ. ಏನೋ ಹೇಳಲು ಬಾಯಿ ತೆರೆದು, ಮುಚ್ಚಿ, "ಸರಿ. ನೀವು ಹೇಳಿದ ಮೇಲೆ ಮುಗೀತು" ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಯಾಕೋ ಇರುಸುಮುರುಸಾಯಿತು.

ಸ್ಕಾರ್ಫು ಎದ್ದು ನಿಂತಳು. "ಅಯ್ಯೋ, ನನ್ನಿಂದಾನಾ? ಸಾರಿ ಕಣೋ. ನಾಳೆಯಿಂದ ನಾನು ಬಸ್ಸಲ್ಲೇ ಹೋಗ್ತೀನಿ. ನಾಳೆಯಿಂದ ಯಾಕೆ, ಇವತ್ತಿಂದಾನೇ."

ಹಾಲು ಕುಡಿದಷ್ಟು ಖುಷಿಯಾಯಿತು. ಅದು ಎರಡು ನಿಮಿಷವೂ ಉಳಿಯಲಿಲ್ಲ. ಅವಳು ರಸ್ತೆಗಿಳಿಯಲು ಪ್ಯಾಂಟನ್ನು ಸ್ವಲ್ಪ ಎತ್ತಿಕೊಂಡಾಗ, ತೊಡೆಯಿಂದ ಕಣಕಾಲಿನವರೆಗೆ ಬಿಗಿದ ಬಿಳಿ ಪಟ್ಟಿಯ ಕೊನೆ ಕಂಡಿತು. ಬಲಗಾಲು ಮಡಚುತ್ತಲೇ ಇರಲಿಲ್ಲ. ಕೋಲಿನ ಹಾಗೆ ಅದನ್ನು ಎಳೆದುಕೊಂಡು ಹೊರಟಳು. ಅಡ್ಡ ಕೂರುವುದು ಬಿಟ್ಟು ಅವಳಿಗೆ ಬೇರೆ ದಾರಿಯೇ ಇರಲಿಲ್ಲ.

"ಮೆಟ್ಟಿಲಿಂದ ಬಿದ್ದು ಮಂಡಿ ಹೋಗಿದೆ, ನಮ್ಮ ವರ್ಕ್‌ಶಾಪಲ್ಲೇ ಕೆಲಸ" ಎಂದು ಅವನು ನನಗೆ ಹೇಳಿ, "ಬಸ್ ಹತ್ತಿಸಿ ಬರ್ತೀನಿ" ಎಂದು ಅವಳ ಹಿಂದೆ ಓಡಿದ.

ಅಪ್ಪ ಪೇಪರು ಮಡಚಿದರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ಯಲ್ಲಮ್ಮ" ಎಂದರು.

"ಏನಪ್ಪ ಹಾಗಂದ್ರೆ?"

"ನಂಗೇನು ಗೊತ್ತು. ಕೈ ನಿಂದು, ಟೈರ್ ನಿಂದು."

ಚಕ್ರ ಬಿಚ್ಚೋಣವೆಂದು ಸ್ಪ್ಯಾನರನ್ನು ಆಕ್ಸಲ್ ನಟ್ಟಿಗೆ ಕೂರಿಸಿದೆ. ಆಗ ಹಳದಿ ಗೆರೆ ಕಂಡಿತು.

ನಮ್ಮ ಅಂಗಡಿಯ ಪದ್ಧತಿ ಅದು. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಸಣ್ಣ ಬ್ರಷ್ಷಿನಲ್ಲಿ ಒಂದು ಹಳದಿ ಗೆರೆ ಎಳೆಯುತ್ತೇವೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ. 'ಗೆರೆ ಕೂಡಿದ್ದರೆ ತಪ್ಪು ನಮ್ಮದು' ಎಂದು ಅಪ್ಪ ಗೋಡೆಯ ಮೇಲೆ ಬರೆದು ಇಪ್ಪತ್ತೆಂಟು ವರ್ಷವಾಯಿತು. ಅಪ್ಪನ ಕಾಲದಲ್ಲಿ ಒಂದು ಸಲವೂ ಆ ಮಾತು ಅವರ ತಲೆಗೆ ಸುತ್ತಿಕೊಂಡಿರಲಿಲ್ಲ. ಮಂಡಿ ನೋವೆಂದು ಅಂಗಡಿಯನ್ನು ನನ್ನ ಕೈಗೆ ಕೊಟ್ಟಾಗ, "ಬೀಗದ ಕೈ ಅಲ್ಲ ಕಣಮ್ಮ, ಆ ಬ್ರಷ್ ಕೊಡ್ತಿರೋದು ನಿಂಗೆ" ಎಂದಿದ್ದರು.

ಗೆರೆ ಕೂಡಿಯೇ ಇತ್ತು, ನಾನು ಎಳೆದಿದ್ದ ಹಾಗೇ. ಮೂರು ತಿಂಗಳಿಂದ ಆ ಚಕ್ರವನ್ನು ಯಾರೂ ಮುಟ್ಟಿರಲಿಲ್ಲ.

ಚಕ್ರ ನೇರ ಕೂರಲು ಎರಡೂ ಬದಿಗೆ ಗೀಟು ಗುರುತು ಇರುತ್ತವೆ. ಎಡಗಡೆ ಎಷ್ಟನೇ ಗೀಟೋ ಬಲಗಡೆಯೂ ಅಷ್ಟನೇ ಗೀಟಿಗೆ ಬರಬೇಕು. ಬಟ್ಟೆಯಿಂದ ಮಣ್ಣು ಒರೆಸಿದೆ. ಎಡಗಡೆ ನಾಲ್ಕು. ಆ ಕಡೆ ಹೋಗಿ ಒರೆಸಿದೆ. ಬಲಗಡೆ ಐದು.

ನಂಬಲಾರದೆ ದಾರ ತಂದೆ. ಹಿಂದಿನ ಟೈರಿಗೆ ಬಳಸಿ ಎರಡು ತುದಿಯನ್ನೂ ಮುಂದಿನ ಚಕ್ರದ ಅಕ್ಕಪಕ್ಕ ಎಳೆದು ಕಟ್ಟಿದೆ. ಒಂದು ಕಡೆ ದಾರಕ್ಕೂ ಮುಂದಿನ ಟೈರಿಗೂ ನಡುವೆ ಒಂದು ಬೆರಳು, ಇನ್ನೊಂದು ಕಡೆ ಎರಡು ಬೆರಳು. ದಾರಕ್ಕೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿತು.

ಎಲ್ಲಾ ನೆನಪಾಯಿತು. ಎಡಗಡೆ ಎಣಿಸಿ ಕೂರಿಸಿದ್ದೆ. ಬಲಗಡೆ ಎಣಿಸುವಾಗ ಅವನು ನನ್ನ ಗೇಜು ಹಿಡಿದು ನಗುತ್ತಿದ್ದ. ನಾನು ಕೆನ್ನೆಯ ಗುಳಿ ನೋಡುತ್ತಿದ್ದೆ.

ಈಗ ಸ್ಪ್ಯಾನರನ್ನು ಒಂದು ಸುತ್ತು ತಿರುಗಿಸಿದರೆ ಸಾಕಿತ್ತು. ಗೆರೆ ಮುರಿಯುತ್ತಿತ್ತು, ಗೀಟು ಸರಿಯಾಗುತ್ತಿತ್ತು, ಸಾಕ್ಷಿ ಅಳಿಯುತ್ತಿತ್ತು. ಗೋಡೆಯ ಮಾತು ಉಳಿಯುತ್ತಿತ್ತು. ಸ್ಕಾರ್ಫು ಬಸ್ಸಿನಲ್ಲಿ ಓಡಾಡುತ್ತಿದ್ದಳು, ಅವನ ಹಿಂದಿನ ಸೀಟು ಖಾಲಿ ಇರುತ್ತಿತ್ತು. ನಾನು ಬಯಸಿದ್ದೆಲ್ಲಾ ಒಂದು ಸುತ್ತಿನ ದೂರದಲ್ಲಿತ್ತು. ನಿಜ ಹೇಳಿದರೆ? ಅಪ್ಪನ ಇಪ್ಪತ್ತೆಂಟು ವರ್ಷ ಹೋಗುತ್ತದೆ. ಅಳತೆ ತಪ್ಪುವುದನ್ನು ಕಂಡರಾಗದ ಮನುಷ್ಯನ ಎದುರು ಅಳತೆ ತಪ್ಪಿದವಳು ನಾನಾಗುತ್ತೇನೆ. ಅವನು ಮುಂದಿನ ಶನಿವಾರ ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ.

ಕೈ ಸ್ಪ್ಯಾನರಿನ ಮೇಲೇ ಇತ್ತು. ಅಪ್ಪ ಮತ್ತೆ ಬಿಡಿಸಿಕೊಂಡಿದ್ದ ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರು ತಲೆಕೆಳಗಾಗಿತ್ತು.

ಸ್ಪ್ಯಾನರು ಬಿಟ್ಟು ಓಡಿದೆ.

ಬಸ್ ಸ್ಟಾಪಿನಲ್ಲಿ ಬಸ್ಸು ಬಂದು ನಿಂತಿತ್ತು. ಅವಳು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಅವನ ಕೈ ಹಿಡಿದು, ಮಡಚದ ಕಾಲನ್ನು ಮೆಟ್ಟಿಲಿಗೆ ಹೇಗೆ ಎತ್ತುವುದೋ ತಿಳಿಯದೆ ನಿಂತಿದ್ದಳು.

"ಹತ್ತಬೇಡಿ!" ಎಂದು ಕೂಗಿದೆ. "ತಪ್ಪು ನಿಮ್ಮದಲ್ಲ. ನಂದು."

ಬಸ್ಸು ಹೋಯಿತು. ಮೂವರೂ ಅಂಗಡಿಗೆ ವಾಪಸ್ ಬಂದೆವು. ದಾರ ಇನ್ನೂ ಕಟ್ಟಿದ ಹಾಗೇ ಇತ್ತು. ನಾನು ಒಂದು ಬೆರಳು, ಎರಡು ಬೆರಳು ತೋರಿಸಿದೆ, ನಾಲ್ಕನೇ ಗೀಟು, ಐದನೇ ಗೀಟು ತೋರಿಸಿದೆ. ಕೊನೆಗೆ ಹಳದಿ ಗೆರೆ ತೋರಿಸಿದೆ.

"ಟೈರ್ ತಿಂದಿದ್ದು ಇವರ ಭಾರ ಅಲ್ಲ. ಚಕ್ರ ಸೊಟ್ಟ ಕೂರಿಸಿದ್ದು ನಾನು. ಅಂಗೈಗೆ ಗೊತ್ತಾಗಿತ್ತು, ಆದ್ರೂ ಇವರ ತಲೆಗೆ ಕಟ್ಟಿದೆ."

"ಯಾಕೆ?" ಎಂದಳು ಸ್ಕಾರ್ಫು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಲು.

"ಹೊಟ್ಟೆಕಿಚ್ಚಿಗೆ" ಎಂದೆ. ಮುಖಕ್ಕೆ ರಕ್ತ ನುಗ್ಗಿತು. ಆದರೆ ಬಂದಿದ್ದು ಬರಲಿ, ಅವನ ಕಡೆ ತಿರುಗಿದೆ. "ಅವತ್ತು ಬಲಗಡೆ ಗೀಟು ಎಣಿಸೋವಾಗ ನೀವು ನಗ್ತಿದ್ರಿ. ನಾನು ನಿಮ್ಮನ್ನ ನೋಡ್ತಿದ್ದೆ. ಲೆಕ್ಕ ತಪ್ಪಿತು. ಅವತ್ತು ತಪ್ಪಿದ್ದು ಇನ್ನೂ ಸರಿಹೋಗಿಲ್ಲ."

ಅವನು ಬಗ್ಗಿ ದಾರವನ್ನು ಬೆರಳಿನಿಂದ ಮೆಲ್ಲಗೆ ಮೀಟಿದ.

"ನಂಗೆ ಗೊತ್ತಿತ್ತು" ಎಂದ.

"ಏನು ಗೊತ್ತಿತ್ತು?"

"ಚಕ್ರ ಸೊಟ್ಟ ಇರೋದು. ಅವತ್ತು ಇಲ್ಲಿಂದ ಹೊರಟು ಮೊದಲ ತಿರುವಲ್ಲೇ ಗೊತ್ತಾಯ್ತು, ಹ್ಯಾಂಡಲ್ ಎಳೀತಿತ್ತು. ಕೂದಲೆಳೆ ವ್ಯತ್ಯಾಸ ಹಿಡಿಯೋದೇ ನನ್ನ ಕೆಲಸ ಅಲ್ವಾ?"

"ಮತ್ತೆ ಮೂರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ? ಅಪಾಯ ಅಂತ ಗೊತ್ತಾಗಲ್ವಾ ನಿಮಗೆ?"

"ನಿಧಾನಕ್ಕೆ ಓಡಿಸ್ತಿದ್ದೆ." ಆ ಒಂದೇ ಕೆನ್ನೆಯ ಗುಳಿ ಬಿತ್ತು. "ಮೊದಲನೇ ದಿನವೇ ನಿಮ್ಮ ಗೇಜ್ ತಪ್ಪು ಅಂದಿದ್ದೆ. ಎರಡನೇ ದಿನ ಚಕ್ರನೂ ತಪ್ಪು ಅಂದಿದ್ರೆ ಮೂರನೇ ದಿನ ನನ್ನ ಒಳಗೆ ಬಿಡ್ತಿದ್ರಾ?"

ಬಿಡುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಸ್ಕಾರ್ಫು ಸ್ಟೂಲಿನ ಮೇಲೆ ಕೂತು ನಗತೊಡಗಿದಳು. "ಅದಕ್ಕೇನಾ! ವಾರ ವಾರ ಗಾಳಿ, ಗಾಳಿ ಅಂತ ಓಡ್ತಿದ್ದ. ಯಾವ ಟೈರಿಗೆ ಇಷ್ಟು ಗಾಳಿ ಬೇಕೋ ಅಂತ ನಾವೆಲ್ಲಾ ತಲೆ ಕೆರ್ಕೊಂಡಿದ್ವಿ. ಇಲ್ಲಿಗೇ ಕರ್ಕೊಂಡು ಹೋಗು, ನೋಡ್ತೀನಿ ಅಂತ ನಾನೇ ಹಟ ಹಿಡಿದು ಬಂದಿದ್ದು ಇವತ್ತು."

ನೋಡಲು ಬಂದವಳನ್ನು ನಾನು ಬಸ್ಸು ಹತ್ತಿಸಹೊರಟಿದ್ದೆ.

ಅಪ್ಪನ ಕಡೆ ಹೋದೆ. "ಗೆರೆ ಕೂಡಿತ್ತಪ್ಪ" ಎಂದೆ. "ಬ್ರಷ್ ವಾಪಸ್ ಕೊಡ್ಲಾ?"

ಅಪ್ಪ ಗೋಡೆ ನೋಡಿದರು. "ತಪ್ಪು ನಮ್ಮದು ಅಂತ ತಾನೇ ಬರೆದಿರೋದು? ತಪ್ಪೇ ಆಗಲ್ಲ ಅಂತ ನಾನೆಲ್ಲಿ ಬರೆದೆ" ಎಂದರು. "ಹೋಗು, ಹೊಸ ಟೈರ್ ಹಾಕ್ಕೊಡು. ಈ ಸಲ ನೀನು ಎಣಿಸೋವಾಗ ತೂಕದವರು ರಸ್ತೆ ಕಡೆ ಮುಖ ಮಾಡಿ ನಿಂತ್ಕೊಳ್ಳಲಿ."

ಅವನು ನಿಜಕ್ಕೂ ರಸ್ತೆಯ ಕಡೆ ತಿರುಗಿ ನಿಂತ. ನಾನು ಎಡಗಡೆ ಎಣಿಸಿದೆ, ಬಲಗಡೆ ಎಣಿಸಿದೆ, ಮತ್ತೆ ಎರಡನ್ನೂ ಎಣಿಸಿದೆ. ದಾರ ಹಿಡಿದೆ. ಎರಡೂ ಕಡೆ ಒಂದೂವರೆ ಬೆರಳು. ನಟ್ಟು ಬಿಗಿದು ಹೊಸ ಗೆರೆ ಎಳೆದೆ. ಗೆರೆ ಸ್ವಲ್ಪ ಡೊಂಕಾಯಿತು.

"ಒಂದು ಸುತ್ತು ಓಡಿಸಿ ನೋಡ್ಬೇಕು" ಎಂದೆ. "ಹಿಂದೆ ಯಾರಾದ್ರೂ ಕೂತ್ರೆ ಸರಿಯಾಗಿ ಗೊತ್ತಾಗುತ್ತೆ."

"ಯಾರು ಕೂತ್ಕೋತಾರೆ?" ಎಂದ, ಏನೂ ತಿಳಿಯದವನ ಹಾಗೆ.

"ನನ್ನ ಕಾಲಂತೂ ಮಡಚಲ್ಲಪ್ಪ" ಎಂದಳು ಸ್ಕಾರ್ಫು.

ಅವನು ಬೈಕು ಹತ್ತಿ ಕೂತ ಮೇಲೆ ನಾನು ಕೈ ಒರೆಸಿಕೊಂಡು ಬಂದು ಅವನ ಭುಜ ಹಿಡಿದೆ. ಅದೇ ಭುಜ. "ಇವರ ಮಂಡಿ ವಾಸಿಯಾಗೋವರೆಗೆ ಮಾತ್ರ ಕರ್ಕೊಂಡು ಹೋಗು" ಎಂದು ಅವನ ಕಿವಿಯ ಹತ್ತಿರ ಹೇಳಿದೆ. "ಒಂದು ದಿನ ಜಾಸ್ತಿ ಆದ್ರೂ ನಂಗೆ ಟೈರ್ ನೋಡಿದ್ರೆ ಗೊತ್ತಾಗುತ್ತೆ."

ಹೋಗು ಎಂದದ್ದು ಅವನಿಗೆ ಕೇಳಿಸಿತು. ಕನ್ನಡಿಯಲ್ಲಿ ಗುಳಿ ಕಂಡಿತು.

ಎರಡೂ ಕಡೆ ಕಾಲು ಹಾಕಿ, ನಟ್ಟನಡುವೆ ಕೂತೆ.