ನಾಡಿ ನಿಂತ ಮೇಲಿನ ಮಾತು

ಕಿಟ್ಟಿಯ ಹೆಣವನ್ನು ಮೊದಲು ಕಂಡವನು ನಿರ್ದೇಶಕ ಮಹದೇವ್.

ಕೆಂಗೇರಿಯ ಆಚೆ, ಹೊಸ ಬಡಾವಣೆಗಳು ಮುಗಿದು ಕುರುಚಲು ಗಿಡಗಳು ಶುರುವಾಗುವ ಕಡೆ, ನಲವತ್ತು ಮೆಟ್ಟಿಲಿನ ಹಳೆಯ ಕಲ್ಯಾಣಿಯೊಂದಿದೆ. ಅದರ ತಳದಿಂದ "ಯಾರಾದ್ರೂ ಬನ್ರೋ!" ಎಂದು ಅವನು ಕೂಗಿದಾಗ ಮಧ್ಯಾಹ್ನ ಹನ್ನೆರಡು ಗಂಟೆ ಏಳು ನಿಮಿಷ. ಕ್ಯಾಮೆರಾಮನ್ ಭೈರೇಶ್ ಓಡಿ ಇಳಿದ. ಇಬ್ಬರೂ ಸೇರಿ ದೇಹವನ್ನು ನೀರಿನಿಂದ ಮೆಟ್ಟಿಲಿಗೆ ಎಳೆದರು. ತಲೆಯ ಹಿಂಭಾಗ ಒಡೆದಿತ್ತು. ಉಸಿರಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಶಶಿಕಲಾ ಬರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಆದರೆ ಹತ್ತನೇ ಮೆಟ್ಟಿಲು ದಾಟಿದ್ದೇ ತಡ, ತಣ್ಣನೆಯ ಗಾಳಿ ಮೈಗೆ ತಾಕಿತು. ಮೇಲಿನ ಜನರ ಗದ್ದಲ ಯಾರೋ ಬಾಗಿಲು ಮುಚ್ಚಿದ ಹಾಗೆ ನಿಂತುಹೋಯಿತು. ಒಂದು ಹಕ್ಕಿಯ ಸದ್ದೂ ಇಲ್ಲ. ಹಸಿರುಗಟ್ಟಿದ ನೀರು. ಪಕ್ಕದಲ್ಲಿ ಅರ್ಧ ಕುಸಿದ ಕಲ್ಲುಮಂಟಪ. ಮಂಟಪದ ಹಿಂದಿನಿಂದ ಮೇಲಕ್ಕೆ ಹೋಗುವ ಸಣ್ಣ ಕಾಲುದಾರಿ.

"ಕಾಲು ಜಾರಿ ಬಿದ್ದಿರ್ಬೇಕು ಮೇಡಂ," ಎಂದರು ಹೆಡ್ ಕಾನ್‌ಸ್ಟೆಬಲ್ ಉಗ್ರಪ್ಪ. "ಪಾಚಿ ನೋಡಿ ಹೆಂಗಿದೆ."

ಶಶಿಕಲಾ ಹೆಣದ ಪಕ್ಕ ಕುಕ್ಕರಿಸಿದಳು. ಅವಳು ಸತ್ತವನ ಪಾದಗಳನ್ನು ನೋಡುತ್ತಿದ್ದಳು. ಎಡಗಾಲಿನ ಸಾಕ್ಸ್ ಕಣಕಾಲಿನ ಬಳಿ ಉಬ್ಬಿತ್ತು. ಮೆಲ್ಲಗೆ ಕೆಳಗೆ ಸರಿಸಿದಳು. ಒಳಗೊಂದು ಕಪ್ಪು ಪಟ್ಟಿ. ನಾಡಿ ಅಳೆಯುವ ಫಿಟ್‌ನೆಸ್ ಬ್ಯಾಂಡ್.

"ಕೈಗೆ ಕಟ್ಟೋದನ್ನ ಕಾಲಿಗೆ ಯಾಕೆ ಕಟ್ಕೊಂಡಿದಾನೆ?"

*

ಕಾರ್ಯಕ್ರಮದ ಹೆಸರು 'ಹತ್ತು ದಿಕ್ಕು'. ಎಂಟು ಜೋಡಿಗಳು, ನಲವತ್ತು ದಿನ, ರಾಜ್ಯದ ಉದ್ದಗಲ ಓಟ. ಟಿವಿಯಲ್ಲಿ ಮೂರನೇ ಸೀಸನ್. ಇವತ್ತು ಕೊನೆಯ ದಿನ, ಗೆದ್ದವರ ಘೋಷಣೆ ಟಿವಿಯಲ್ಲಿ ಲೈವ್. ಉಳಿದಿದ್ದು ಮೂರೇ ಜೋಡಿ. ಎಲ್ಲರಿಗಿಂತ ಮುಂದಿದ್ದವರು ವಿಜಯನಗರದ ಅಕ್ಕ ತಮ್ಮ, ಕವನಾ ಮತ್ತು ಕಿಟ್ಟಿ. ಅವಳು ಬಸವೇಶ್ವರನಗರದ ಕ್ಲಿನಿಕ್ಕೊಂದರಲ್ಲಿ ಗುಮಾಸ್ತೆ. ಅವನು ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು.

ಬೆಳಿಗ್ಗೆ ಹೆಗ್ಗನಹಳ್ಳಿಯಲ್ಲಿ ಒಂದು ಸವಾಲು ಮುಗಿಸಿ ಅವರು ಇಲ್ಲಿಗೆ ಬಂದಿದ್ದರು. ಇಲ್ಲಿಯದು 'ಒಂಟಿ ಸವಾಲು'. ಜೋಡಿಯಲ್ಲಿ ಒಬ್ಬರು ಮಾತ್ರ ಇಳಿದು, ಮಂಟಪದಲ್ಲಿಟ್ಟ ಹಿತ್ತಾಳೆ ದೀಪ ತರಬೇಕು. ಜೊತೆಗೆ ಕ್ಯಾಮೆರಾ ಇಲ್ಲ. ಅಂಗಿಯ ಕಾಲರಿನಲ್ಲಿ ಮೈಕ್ ಮಾತ್ರ. ನೋಡುವವರಿಗೆ ಮೊದಲೇ ತೆಗೆದಿಟ್ಟ ಖಾಲಿ ಕಲ್ಯಾಣಿಯ ದೃಶ್ಯ ಕಾಣಬೇಕು, ಒಬ್ಬನ ಉಸಿರು ಕೇಳಬೇಕು. ಮಹದೇವನ ಯೋಚನೆ ಅದು.

ಕವನಾ ಸೌಂಡ್ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

"ಆ ಬ್ಯಾಂಡ್ ನಾನೇ ಕಟ್ಸಿದ್ದು ಮೇಡಂ. ಚಿಕ್ಕವನಿದ್ದಾಗ ಅವನಿಗೆ ಹಾರ್ಟ್ ತೊಂದ್ರೆ ಇತ್ತು. ಇಲ್ಲಿ ವಾಚು, ಫೋನು ಯಾವುದಕ್ಕೂ ಬಿಡಲ್ಲ. ಅದಕ್ಕೆ ಸಾಕ್ಸ್ ಒಳಗೆ ಇಟ್ಕೋತಿದ್ದ. ಯಾರಿಗೂ ಗೊತ್ತಿಲ್ಲ."

"ಅವನ ದನಿ ಕೊನೇಲಿ ಯಾವಾಗ ಕೇಳಿದ್ರಿ?"

"ಹನ್ನೊಂದೂ ಐವತ್ತೆರಡಕ್ಕೆ. ವ್ಯಾನಲ್ಲೇ ಕೇಳಿಸ್ತು. ‘ಅಕ್ಕ, ಬರ್ತಾ ಇದೀನಿ ಕಣೇ, ಒಂದ್ನಿಮಿಷ ನಿಂತ್ಕೋ’ ಅಂದ. ಆಮೇಲೆ ಕೆಮ್ಮಿದ." ಅವಳು ಕಲ್ಯಾಣಿಯ ಕಡೆ ತಿರುಗಿದಳು. "ನಾನು ನಿಂತ್ಕೊಂಡೇ ಇದ್ದೆ ಮೇಡಂ."

ಆ ದನಿಯನ್ನು ಮಹದೇವ್ ಕೂಡ ಕೇಳಿದ್ದ. ಅವನು ಹನ್ನೊಂದೂ ನಲವತ್ನಾಲ್ಕಕ್ಕೆ ವ್ಯಾನಿಗೆ ಬಂದು, ಹನ್ನೆರಡೂ ಐದರವರೆಗೆ ಅಲ್ಲೇ ಕೂತಿದ್ದ. ಆಮೇಲೆ "ಯಾಕೋ ತಡ ಆಯ್ತು, ನೋಡ್ಕೊಂಡ್ ಬರ್ತೀನಿ" ಎಂದು ಇಳಿದಿದ್ದ. ಸೌಂಡ್ ನೋಡಿಕೊಳ್ಳುವ ಸಂಘಮಿತ್ರಾ ಹನ್ನೊಂದರಿಂದ ವ್ಯಾನ್ ಬಿಟ್ಟು ಕದಲಿರಲಿಲ್ಲ. ಕವನಾ ಅವಳ ಪಕ್ಕದಲ್ಲೇ ಇದ್ದಳು. ಉಳಿದ ಸಿಬ್ಬಂದಿಯೆಲ್ಲ ಜ್ಞಾನಭಾರತಿ ಕಡೆ, ಓಟ ಮುಗಿಯಬೇಕಿದ್ದ ಮೈದಾನದಲ್ಲಿದ್ದರು.

ಒಬ್ಬನೇ ಇದ್ದವನು ಭೈರೇಶ್. ಹೊಂಗೆ ಮರದ ಹಿಂದೆ ಬುತ್ತಿ ಬಿಚ್ಚಿ ಕೂತಿದ್ದೆ ಎಂದ. ನೋಡಿದವರು ಯಾರೂ ಇರಲಿಲ್ಲ. ಹಿಂದಿನ ದಿನ ಅವನಿಗೂ ಕಿಟ್ಟಿಗೂ ಜಗಳವಾಗಿತ್ತೆಂದು ಮಹದೇವ್ ತಗ್ಗಿದ ದನಿಯಲ್ಲಿ ಹೇಳಿದ.

"ಏನಕ್ಕೆ ಜಗಳ ಅಂತ ನಂಗೊತ್ತಿಲ್ಲ ಮೇಡಂ. ಭೈರೇಶ್ ಒಳ್ಳೆಯ ಹುಡುಗ. ಆದ್ರೆ ಕೋಪ ಬಂದ್ರೆ ಮೊದ್ಲು ಕೈ ಮಾಡ್ತಾನೆ."

*

ಕಲ್ಯಾಣಿಯ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳನ್ನು ಉಗ್ರಪ್ಪ ಕರೆತಂದರು. ಹೆಸರು ಚಿಕ್ಕಗಂಗಮ್ಮ. ಪಕ್ಕದ ಹಳ್ಳಿಯವಳು.

"ಈ ಕೊಳ ಕರೀತದೆ ಕಣವ್ವ," ಎಂದಳು ಮುದುಕಿ, ನೀರಿನ ಕಡೆ ನೋಡದೆ. "ಹೊತ್ತು ನೆತ್ತಿಗೆ ಬಂದಾಗ ಕೂಗ್ತದೆ. ಓ ಅನ್ಬಾರ್ದು. ನಾನು ಅನ್ನಲಿಲ್ಲ."

"ಇವತ್ತು ಕೂಗ್ತಾ ಅಜ್ಜಿ?"

"ಕೂಗ್ತು. ‘ಅಕ್ಕ, ಬರ್ತೀನಿ, ನಿಂತ್ಕೋ’ ಅಂತು. ಗಂಡ್ಸಿನ ದನಿ. ಕೆಮ್ತು. ನಾನು ಕುಡುಗೋಲು ಎತ್ಕೊಂಡು ಆ ಕಡೆ ಹೋದೆ. ಸುಮಾರು ಹೊತ್ತಾದ್ಮೇಲೆ ಇನ್ನೊಂದ್ ಸಲ. ಅದೇ ಮಾತು. ಅದೇ ಕೆಮ್ಮು. ಮನುಷ್ಯರು ಹಂಗೆ ಕೂಗಲ್ಲ ಕಣವ್ವ."

ಉಗ್ರಪ್ಪ ಬೇರೆ ಕಡೆ ತಿರುಗಿ ತುಟಿ ಕಚ್ಚಿ ನಗು ತಡೆದರು. ಶಶಿಕಲಾಗೆ ನಗು ಬರಲಿಲ್ಲ.

"ವ್ಯಾನಲ್ಲಿ ಒಂದೇ ಸಲ ಕೇಳಿಸಿರೋದು," ಎಂದಳು.

*

ಸಂಜೆ ಐದಕ್ಕೆ ಕಿಟ್ಟಿಯ ಫೋನನ್ನು ಕಾರ್ಯಕ್ರಮದವರ ಲಾಕರಿನಿಂದ ಠಾಣೆಗೆ ತರಿಸಿದರು. ಅದರ ಪಾಸ್‌ವರ್ಡ್ ಕವನಾಗೆ ಗೊತ್ತಿತ್ತು. ಬ್ಯಾಂಡಿನಲ್ಲಿದ್ದ ಲೆಕ್ಕ ಫೋನಿಗೆ ಇಳಿಯಿತು. ಪರದೆಯ ಮೇಲೆ ಕೆಂಪು ಗೆರೆ ಮೂಡಿತು.

ಹನ್ನೊಂದೂ ಇಪ್ಪತ್ತೈದು, ಮೆಟ್ಟಿಲು ಇಳಿಯುತ್ತಿದ್ದಾನೆ, ನಾಡಿ ತೊಂಬತ್ತಾರು. ಹನ್ನೊಂದೂ ಮೂವತ್ತಾರು, ಒಮ್ಮೆಲೇ ನೂರಾ ಐವತ್ತು. ಹನ್ನೊಂದೂ ಮೂವತ್ತೆಂಟು, ಸೊನ್ನೆ. ಅಲ್ಲಿಂದ ಮುಂದೆ ಗೆರೆ ಮಲಗಿತ್ತು.

ಉಗ್ರಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದರು.

"ಅಂದ್ರೆ..." ಉಗ್ರಪ್ಪನ ದನಿ ಉಡುಗಿತ್ತು. "ಜೀವ ಹೋಗಿ ಹದಿನಾಲ್ಕು ನಿಮಿಷ ಆದ್ಮೇಲೆ ಮಾತಾಡಿದ್ನಾ ಮೇಡಂ?"

ಶಶಿಕಲಾ ಆ ಕೆಂಪು ಗೆರೆಯನ್ನು ಇನ್ನೊಮ್ಮೆ ನೋಡಿದಳು. ಹನ್ನೆರಡು ವರ್ಷದ ನೌಕರಿಯಲ್ಲಿ ಹೆಣಗಳನ್ನು ನೋಡಿ ಅವಳಿಗೆ ಅಭ್ಯಾಸವಾಗಿತ್ತು. ಮಾತಾಡುವ ಹೆಣ ಇದೇ ಮೊದಲು.

ಅವಳು ಎದ್ದು, ಕಲ್ಯಾಣಿಯ ಬಳಿ ಇನ್ನೂ ನಿಂತಿದ್ದ ಸೌಂಡ್ ವ್ಯಾನಿಗೆ ಹೋದಳು.

*

ಸಂಘಮಿತ್ರಾ ಹೆಡ್‌ಫೋನನ್ನು ಮೇಜಿನ ಆ ತುದಿಗೆ ತಳ್ಳಿ ಕೂತಿದ್ದಳು. ಮುಟ್ಟಲೂ ಹೆದರಿದವಳ ಹಾಗೆ.

"ನೀವೇ ಕೇಳಿ ಮೇಡಂ. ನನ್ನ ಕೈಲಾಗಲ್ಲ. ಎಂಟು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಮನುಷ್ಯ ಸುಮ್ನೆ ನಿಂತಿದ್ರೂ ಕಾಲರ್ ಮೈಕಲ್ಲಿ ಉಸಿರು ಬರುತ್ತೆ, ಬಟ್ಟೆ ಉಜ್ಜಿದ ಸದ್ದು ಬರುತ್ತೆ. ಹನ್ನೊಂದೂ ಮೂವತ್ಮೂರಕ್ಕೆ ಸಿಗ್ನಲ್ ಹೋಯ್ತು. ಕಲ್ಲಿನ ಗೋಡೆ, ಅದಕ್ಕೇ ಅಂದ್ಕೊಂಡೆ. ನಲವತ್ತೊಂದಕ್ಕೆ ವಾಪಸ್ ಬಂತು. ಬಂದ್ಮೇಲೆ ಉಸಿರೇ ಇಲ್ಲ. ಬರೀ ಮಾತಿದೆ."

ಶಶಿಕಲಾ ಕೇಳಿದಳು. ಆಳವಾದ, ಟೊಳ್ಳು ಮೌನ. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ನಂತರ ಕಿವಿಯ ಪಕ್ಕದಲ್ಲೇ ಇದ್ದ ಹಾಗೆ: ‘ಅಕ್ಕ, ಬರ್ತಾ ಇದೀನಿ ಕಣೇ, ಒಂದ್ನಿಮಿಷ ನಿಂತ್ಕೋ.’ ಕೆಮ್ಮು. ಮತ್ತೆ ಮೌನ.

"ನೀರಿಗೆ ಬಿದ್ದ ಸದ್ದೆಲ್ಲಿ?"

"ಬಿದ್ದ ಸದ್ದಿಲ್ಲ ಮೇಡಂ. ಹನ್ನೆರಡೂ ಆರಕ್ಕೆ ಬುಳಬುಳ ಅಂತ ನೀರು ಹೊಕ್ಕು ಮೈಕ್ ಸತ್ತೋಯ್ತು. ಅಷ್ಟೇ."

ಶಶಿಕಲಾ ಇನ್ನೊಮ್ಮೆ ಕೇಳಿದಳು. ಮೂರನೇ ಸಲ ಕಣ್ಣು ಮುಚ್ಚಿಕೊಂಡಳು. ಮಾತಿನ ಹಿಂದೆ, ತೀರಾ ಹಿಂದೆ, ಏನೋ ಇತ್ತು. ಢಕ್. ಉಸ್. ಢಕ್. ಉಸ್.

ಅವಳ ಬೆನ್ನು ನೆಟ್ಟಗಾಯಿತು. ಆ ಸದ್ದು ಅವಳಿಗೆ ಹುಟ್ಟಿನಿಂದ ಗೊತ್ತು. ತಂದೆ ಬಸಪ್ಪ ಹೆಗ್ಗನಹಳ್ಳಿಯ ಶೆಡ್ಡೊಂದರಲ್ಲಿ ಇಪ್ಪತ್ತು ವರ್ಷ ಪವರ್ ಪ್ರೆಸ್ ಓಡಿಸಿದ್ದ. ಶಾಲೆಗೆ ರಜೆಯಿದ್ದಾಗ ಊಟದ ಡಬ್ಬಿ ಒಯ್ದು, ಬಾಗಿಲಲ್ಲಿ ನಿಂತು, ಅಪ್ಪನ ಕೈ ಯಂತ್ರದಿಂದ ಹೊರಗೆ ಬರುವುದನ್ನೇ ಅವಳು ಕಾಯುತ್ತಿದ್ದಳು. ತಗಡು ಕತ್ತರಿಸುವಾಗ ಢಕ್. ಮೇಲೇಳುವಾಗ ಉಸ್.

"ಈ ಕಲ್ಯಾಣಿ ಸುತ್ತ ಎಲ್ಲಿದೆ ಪವರ್ ಪ್ರೆಸ್ಸು?" ಎಂದಳು. "ಬೆಳಿಗ್ಗೆ ಹೆಗ್ಗನಹಳ್ಳೀಲಿ ರೆಕಾರ್ಡ್ ಮಾಡಿದ್ದು ಹಾಕಿ."

ಹುಡುಕಲು ಹತ್ತು ನಿಮಿಷ ಹಿಡಿಯಿತು. ಪ್ರೆಸ್ ಶೆಡ್‌ಗಳ ಗಲ್ಲಿಯಲ್ಲಿ ಅಕ್ಕ ಮುಂದೆ ಓಡುತ್ತಿದ್ದಾಳೆ, ತಮ್ಮ ಹಿಂದಿನಿಂದ ಕೂಗುತ್ತಾನೆ. ಅದೇ ಮಾತು. ಅದೇ ಕೆಮ್ಮು. ಎರಡೂ ದನಿಗಳ ಗೆರೆಗಳನ್ನು ಪರದೆಯಲ್ಲಿ ಒಂದರ ಕೆಳಗೊಂದು ಇಟ್ಟರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇದು ಯಾರ ಹತ್ರ ಇತ್ತು?"

"ಪ್ರೋಮೋಗೆ ಬೇಕು ಅಂತ ಮಹದೇವ್ ಸರ್ ಕಾಪಿ ತಗೊಂಡ್ರು. ಭೈರೇಶ್ ಕ್ಯಾಮೆರಾಗೂ ಹೋಗಿರುತ್ತೆ."

*

ಭೈರೇಶ್ ಠಾಣೆಯ ಬೆಂಚಿನ ಮೇಲೆ ಮುದುಡಿ ಕೂತಿದ್ದ.

"ಹೊಡೆದಾಡಿಲ್ಲ ಮೇಡಂ, ಬಾಯ್ಮಾತಿನ ಜಗಳ. ಅವನು ಒಂದು ಫುಟೇಜ್ ಕೇಳ್ದ. ನಾನು ಕೊಡಲ್ಲ ಅಂದೆ."

"ಯಾವ ಫುಟೇಜ್?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಹತ್ತೊಂಬತ್ತು ದಿನದ ಹಿಂದೆ ಚಾಮರಾಜನಗರದ ಕಡೆ ಘಾಟಿಯಲ್ಲಿ ಶೂಟಿಂಗ್ ಇತ್ತು. ನಮ್ಮ ಜೀಪ್ ಡ್ರೈವರ್ ಸುಬ್ರಮಣಿ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ. ಆಗಲ್ಲ ಸಾರ್ ಅಂದ್ರೂ ಮಹದೇವ್ ಸರ್ ಓಡ್ಸು ಅಂದ್ರು. ಜೀಪ್ ಹಳ್ಳಕ್ಕೆ ಬಿತ್ತು. ಸುಬ್ರಮಣಿಯಣ್ಣಂಗೆ ಇನ್ನೂ ಜೀವ ಇತ್ತು ಮೇಡಂ. ಕೂಗ್ತಾ ಇದ್ರು. ‘ಬೆಳಕು ಹೋಗುತ್ತೆ, ಮೊದ್ಲು ಶಾಟ್ ಮುಗ್ಸಿ’ ಅಂದ್ರು ಸರ್. ಒಂದೂವರೆ ಗಂಟೆ ಆದ್ಮೇಲೆ ಆಂಬುಲೆನ್ಸ್ ಕರೆದ್ರು. ಅಷ್ಟೊತ್ತಿಗೆ ಜೀವ ಹೋಗಿತ್ತು. ಸ್ವಂತ ಕೆಲಸಕ್ಕೆ ಜೀಪ್ ತಗೊಂಡ್ ಹೋಗಿದ್ದ ಅಂತ ಪೊಲೀಸ್ ಕಂಪ್ಲೇಂಟಲ್ಲಿ ಬರೆಸಿದ್ರು. ಆ ಮಾತು, ಆ ಕೂಗು, ಎಲ್ಲ ನನ್ನ ಕ್ಯಾಮೆರಾದಲ್ಲಿದೆ. ಕಿಟ್ಟಿಗೆ ಗೊತ್ತಾಗಿತ್ತು. ಕೊನೇ ದಿನ ಲೈವ್‌ನಲ್ಲಿ ಹೇಳ್ತೀನಿ ಅಂದಿದ್ದ. ನಾನು ಹೆದರ್ಕೊಂಡೆ."

"ಮಹದೇವ್‌ಗೆ ಇದು ಗೊತ್ತಿತ್ತಾ?"

"ಕಿಟ್ಟಿನೇ ಹೇಳಿದ್ದ. ನೀವಾಗಿ ಒಪ್ಕೊಳಿ ಸಾರ್, ಇಲ್ಲಾಂದ್ರೆ ನಾನು ಹೇಳ್ತೀನಿ ಅಂತ. ಪಾಪ, ಅವಕಾಶ ಕೊಟ್ಟ."

*

ಮರುದಿನ ಹನ್ನೊಂದೂವರೆಗೆ ಶಶಿಕಲಾ ನಾಲ್ವರನ್ನೂ ಕಲ್ಯಾಣಿಗೆ ಕರೆಸಿದಳು. ಮಂಟಪದ ನೆರಳಲ್ಲಿ ಎಲ್ಲರೂ ನಿಂತರು. ನೀರು ಅಲುಗಲಿಲ್ಲ.

ಇದ್ದಕ್ಕಿದ್ದ ಹಾಗೆ ಕಂಬದ ಹಿಂದಿನಿಂದ ಕಿಟ್ಟಿ ಕೂಗಿದ: ‘ಅಕ್ಕ, ಬರ್ತಾ ಇದೀನಿ ಕಣೇ...’

ಸಂಘಮಿತ್ರಾ ಚೀರಿದಳು. ಭೈರೇಶ್ ಎರಡು ಹೆಜ್ಜೆ ಹಿಂದೆ ಸರಿದ. ಬೆಳಿಗ್ಗೆಯೇ ವಿಷಯ ತಿಳಿದಿದ್ದ ಕವನಾ ಕಣ್ಣು ಮುಚ್ಚಿಕೊಂಡಳು. ಮಹದೇವ್ ಮಾತ್ರ ನೀರಿನ ಕಡೆ ನೋಡಲಿಲ್ಲ, ಮೆಟ್ಟಿಲ ಕಡೆಯೂ ನೋಡಲಿಲ್ಲ. ಅವನ ಕಣ್ಣು ನೇರವಾಗಿ ಕಂಬದ ಹಿಂದಿನ ಕಲ್ಲಿನ ಗೂಡಿಗೆ ಹೋಯಿತು.

ಉಗ್ರಪ್ಪ ಆ ಗೂಡಿನಿಂದ ಒಂದು ಹಳೆಯ ಫೋನ್ ಎತ್ತಿಕೊಂಡು ಬಂದರು.

"ಜಾಗ ಸರಿಯಾಗಿ ಊಹಿಸಿದೀನಿ ಅನ್ಸುತ್ತೆ," ಎಂದಳು ಶಶಿಕಲಾ. "ಬೆಳಿಗ್ಗೆ ನೀವು ಮನೆ ಬಿಟ್ಟ ಮೇಲೆ ರಾಜಾಜಿನಗರದ ನಿಮ್ಮ ಮನೇಲಿ ಸಿಕ್ಕಿದ್ದು ಈ ಫೋನು. ಸಿಮ್ ಇಲ್ಲ. ಒಂದೇ ಫೈಲ್ ಅಳಿಸಿದ್ರಿ. ಪೂರ್ತಿ ಹೋಗಿರಲಿಲ್ಲ. ಹನ್ನೊಂದು ನಿಮಿಷ ಮೌನ, ಆಮೇಲೆ ಈ ಮಾತು."

"ಏನ್ ಮೇಡಂ ಇದು? ಆ ಫೈಲ್ ಭೈರೇಶ್ ಹತ್ರನೂ..."

"ಇತ್ತು. ಆದ್ರೆ ಯೋಚ್ನೆ ಮಾಡಿ. ಸತ್ತವನ ಬಾಯಲ್ಲಿ ಮಾತಾಡ್ಸಿದ್ದು ಯಾಕೆ? ಆ ಹೊತ್ತಿನಲ್ಲಿ ಅವನಿನ್ನೂ ಬದುಕಿದ್ದ ಅಂತ ತೋರ್ಸೋಕೆ. ಅದರಿಂದ ಲಾಭ ಯಾರಿಗೆ? ಆಗ ಬೇರೆಯವರ ಕಣ್ಣೆದುರು ಕೂತವನಿಗೆ. ಭೈರೇಶ್ ಒಬ್ಬನೇ ಮರದ ಹಿಂದೆ ಇದ್ದ, ಅವನಿಗೆ ಈ ಆಟದಿಂದ ಏನೂ ಸಿಗಲ್ಲ. ಸಂಘಮಿತ್ರಾ, ಕವನಾ ಮೊದಲಿಂದ್ಲೂ ವ್ಯಾನಲ್ಲೇ ಇದ್ರು. ಹನ್ನೊಂದೂ ನಲವತ್ನಾಲ್ಕಕ್ಕೆ ಹೊರಗಿಂದ ಬಂದು ಕೂತವರು ನೀವೊಬ್ರೇ."

ಮಹದೇವ್ ತುಟಿ ಒದ್ದೆ ಮಾಡಿಕೊಂಡ.

"ಹಿಂದಿನ ದಾರೀಲಿ ಇಳಿದ್ರಿ. ಬ್ಯಾಟರಿ ಬದಲಾಯಿಸ್ಬೇಕು, ಮೈಕ್ ಕೊಡು ಅಂದಿರ್ತೀರಿ. ನಿರ್ದೇಶಕರು ಕೇಳಿದ್ರೆ ಯಾರು ಇಲ್ಲ ಅಂತಾರೆ? ಮೈಕ್ ಆಫ್ ಮಾಡಿದ್ರಿ, ಕಲ್ಲೆತ್ತಿದ್ರಿ. ಆಮೇಲೆ ಫೋನ್ ಇಟ್ಟು ದನಿ ಸರಿಯಾಗಿ ಬರುತ್ತಾ ಅಂತ ಒಂದ್ಸಲ ಹಾಕಿ ನೋಡಿದ್ರಿ. ಆಗ ಮೈಕ್ ಆಫ್ ಇತ್ತು, ವ್ಯಾನಿಗೆ ಕೇಳಲಿಲ್ಲ, ಮೇಲೆ ಹುಲ್ಲು ಕೊಯ್ತಿದ್ದ ಅಜ್ಜಿ ಕೇಳಿದ್ರು. ಅವರು ಕೊಳ ಕೂಗ್ತು ಅಂದ್ರು. ಕೂಗಿಸಿದ್ದು ನೀವು ಅಂತೀನಿ ನಾನು. ಆಮೇಲೆ ಮೈಕ್ ಆನ್ ಮಾಡಿ ಫೋನ್ ಪಕ್ಕ ಇಟ್ಟು ವ್ಯಾನಿಗೆ ಬಂದ್ರಿ. ನೀವು ಮತ್ತೆ ಇಳಿದಿದ್ದು ಅವನನ್ನ ಹುಡುಕೋಕಲ್ಲ. ಫೋನ್ ಜೇಬಿಗೆ ಹಾಕಿ, ಮೈಕ್ ಹೆಣಕ್ಕೆ ಸಿಗಿಸೋಕೆ. ಮೈಕ್ ಒಳಗೆ ನೀರು ಹೊಕ್ಕಿದ್ದು ಹನ್ನೆರಡೂ ಆರಕ್ಕೆ. ಆಗ ಕೆಳಗಿದ್ದವರು ನೀವೊಬ್ರೇ. ಅವನ ಸಾಕ್ಸ್ ಒಳಗೆ ನಾಡಿ ಎಣಿಸೋದು ಒಂದಿದೆ ಅಂತ ಮಾತ್ರ ನಿಮಗೆ ಗೊತ್ತಿರಲಿಲ್ಲ."

ಮಹದೇವ್ ಮೆಟ್ಟಿಲ ಮೇಲೆ ಕುಸಿದು ಕೂತ. "ಆರು ವರ್ಷದ ಕೆಲ್ಸ ಮೇಡಂ," ಎಂದ. "ಒಂದು ಮಾತಿಗೆ ಎಲ್ಲ ಹೋಗ್ತಿತ್ತು."

ಕವನಾ ಅವನ ಮುಂದೆ ಬಂದು ನಿಂತಳು. ಹೊಡೆಯಲಿಲ್ಲ, ಬಯ್ಯಲಿಲ್ಲ.

"ಸುಬ್ರಮಣಿಯೋರ ಮನೆ ಎಲ್ಲಿ?" ಎಂದು ಭೈರೇಶನನ್ನು ಕೇಳಿದಳು.

*

ಸುಂಕದಕಟ್ಟೆಯ ಒಂದು ವಠಾರ. ನಡುಮನೆಯಲ್ಲಿ ಸುಬ್ರಮಣಿಯ ಹೆಂಡತಿ ಲತಾ ಚಾಪೆ ಹಾಸಿ ಕೂರಿಸಿದಳು. ಶಶಿಕಲಾ ಬಾಗಿಲ ಬಳಿಯೇ ನಿಂತಳು. ಇದು ಪೊಲೀಸರು ಹೇಳುವ ಮಾತಲ್ಲ ಎಂದು ಅವಳಿಗೆ ಅನಿಸಿತ್ತು.

ಕವನಾ ಹೇಳಿದಳು. ಮೆಲ್ಲಗೆ, ತಡೆದು ತಡೆದು. ನಿದ್ದೆಯಿಲ್ಲದ ಎರಡು ದಿನ. ಆಗಲ್ಲ ಅಂದದ್ದು. ಬಲವಂತ. ಹಳ್ಳ. ಒಂದೂವರೆ ಗಂಟೆ. "ಅವರು ಸ್ವಂತ ಕೆಲಸಕ್ಕೆ ಹೋಗಿರಲಿಲ್ಲ. ಅವರದ್ದೇನೂ ತಪ್ಪಿಲ್ಲ. ಇದನ್ನ ನನ್ನ ತಮ್ಮ ಹೇಳ್ಬೇಕಿತ್ತು."

ಲತಾ ಅಳಲಿಲ್ಲ. ಹೊರಗೆ ವಠಾರದ ನಲ್ಲಿಯ ಬಳಿ ಹೆಂಗಸರು ಮಾತಾಡುತ್ತಿದ್ದರು. ಇಪ್ಪತ್ತು ದಿನಗಳಿಂದ ಅವಳ ಬೆನ್ನ ಹಿಂದೆ, ಸ್ವಂತ ಕೆಲಸಕ್ಕೆ ಜೀಪ್ ಒಯ್ದು ಸತ್ತನೆಂದು ಪಿಸುಗುಟ್ಟಿದವರು ಅವರೇ.

ಅವಳು ಎದ್ದು ಅರ್ಧ ಮುಚ್ಚಿದ್ದ ಬೀದಿಬಾಗಿಲನ್ನು ಪೂರ್ತಿ ತೆರೆದಳು.

"ಇನ್ನೊಂದ್ ಸಲ ಹೇಳಿ ಅಕ್ಕ," ಎಂದಳು. "ಜೋರಾಗಿ ಹೇಳಿ."